ರಾಜಕಾಲುವೆ ಬಚ್ಚಲ ಮೋರಿಯಲ್ಲ



ಈ ಸಲ ಹಳೆಯ ನೆನಪುಗಳನ್ನು ಬದಿಗಿರಿಸಿ ಸ್ವಲ್ಪ ಜಗಳವಾಡಬೇಕೆಂದಿದ್ದೇನೆ. ಜಗಳ ನಿಮ್ಮೊಡನೆಯೇ. ನಿಮ್ಮಲ್ಲಿ ಬಹುಮಂದಿ ಬೆಂಗಳೂರಿನಲ್ಲಿ ಮನೆ ಕಟ್ಟಿಕೊಂಡಿದ್ದೀರಿ, ಇಲ್ಲವೇ ಅಪಾರ್ಟ್‌ಮೆಂಟುಗಳಲ್ಲಿ ವಾಸವಾಗಿದ್ದೀರಿ. ಆ ಮನೆಗಳ ಗೃಹಪ್ರವೇಶಕ್ಕೆ ಬಂದು, ಹೋಳಿಗೆ ಊಟ ಮಾಡಿ, ಹರಸಿ ಹೋದವನು ನಾನು. ಆದ್ದರಿಂದ ಅದೇ ಮನೆಗಳ ಹಿಂಬದಿಯ ಕೊಳವೆಗಳ ವಿಷಯ ಮಾತನಾಡುವ ಸಲಿಗೆಯೂ ನನಗಿದೆಯೆಂದು ಭಾವಿಸುತ್ತೇನೆ. ಹೇಳಬೇಕಾದದ್ದು ಇಷ್ಟೆ: ಮಳೆನೀರಿಗಾಗಿ ಮಾಡಿದ ಚರಂಡಿಗೆ ಮಳೆನೀರನ್ನಲ್ಲದೆ ಮತ್ತೇನನ್ನೂ ಬಿಡುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ. ಸರ್ಕಾರದ ಲೋಪಗಳನ್ನು ಎಷ್ಟೇ ಎತ್ತಿ ತೋರಿಸಿದರೂ ಆ ಹಕ್ಕು ಹುಟ್ಟಿಕೊಳ್ಳುವುದಿಲ್ಲ.

ಮೊದಲು ಹೆಸರನ್ನೇ ನೋಡೋಣ. ಹೊಳೆ, ಹಳ್ಳ, ತೊರೆ, ಕಾಲುವೆ ಎಂಬ ಮಾತುಗಳು ಕನ್ನಡದಲ್ಲಿ ಒಂದು ಕಡೆಗಿದ್ದರೆ, ಬಚ್ಚಲ ಮೋರಿ ಎಂಬುದು ಇನ್ನೊಂದು ಕಡೆಗಿದೆ. ನಮ್ಮ ಹಿರಿಯರು ಇವೆರಡನ್ನು ಕಲಸುತ್ತಿರಲಿಲ್ಲ. ಒಂದು ಕೆರೆ ತುಂಬಿ ಕೋಡಿ ಹರಿದಾಗ ಆ ನೀರನ್ನು ಮುಂದಿನ ಕೆರೆಗೆ ಒಯ್ಯುವ ಹಿರಿಯ ಕಾಲುವೆಗೆ ರಾಜಕಾಲುವೆ ಎಂದು ಹೆಸರಿಟ್ಟರು. ಎಂತಹ ಗಂಭೀರವಾದ ಹೆಸರು! ಇಂದು ಬೆಂಗಳೂರಿನ ಮಗುವಿನೆದುರು ಆ ಪದವನ್ನು ಉಚ್ಚರಿಸಿದರೆ ಅದು ಮೂಗು ಮುಚ್ಚಿಕೊಳ್ಳುತ್ತದೆ. ದಿನಪತ್ರಿಕೆಗಳಲ್ಲಿಯೂ ಒತ್ತುವರಿ, ದುರ್ನಾತ, ತಡೆಗೋಡೆ ಕುಸಿತ ಮುಂತಾದ ಸುದ್ದಿಗಳ ಜೊತೆಗಲ್ಲದೆ ಆ ಪದ ಕಾಣಿಸಿಕೊಳ್ಳುವುದೇ ಅಪರೂಪ.

ನನ್ನ ಬಾಲ್ಯದ ಹಳ್ಳಿಯಲ್ಲಿ ನೀರುಗಂಟಿಯೊಬ್ಬನಿದ್ದ. ತೂಬು ತೆಗೆಯುವುದು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು, ಕಾಲುವೆಯಲ್ಲಿ ಕಸಕಡ್ಡಿ ನಿಲ್ಲದಂತೆ ನೋಡಿಕೊಳ್ಳುವುದು ಅವನ ಕೆಲಸ. ಸುಗ್ಗಿಯಲ್ಲಿ ಮನೆಮನೆಯಿಂದ ಅವನಿಗೆ ಧಾನ್ಯ ಸಲ್ಲುತ್ತಿತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೂಳನ್ನು ಎತ್ತಿನ ಗಾಡಿಗಳಲ್ಲಿ ಹೇರಿ ಹೊಲಗಳಿಗೆ ಒಯ್ಯುತ್ತಿದ್ದರು. ಬಚ್ಚಲ ನೀರು ಹಿತ್ತಿಲಿನ ಬಾಳೆ, ಕೆಸುಗಳ ಬುಡಕ್ಕೆ ಹೋಗುತ್ತಿತ್ತು. ಅಂದಿನವರೆಲ್ಲ ಪುಣ್ಯಪುರುಷರೆಂದು ನಾನು ಹೊಗಳುತ್ತಿಲ್ಲ. ಊರಿಗೆಲ್ಲ ನೀರು ಹಂಚುತ್ತಿದ್ದ ಆ ನೀರುಗಂಟಿಗೆ ಊರ ಬಾವಿಯ ಹಗ್ಗ ಮುಟ್ಟುವ ಹಕ್ಕಿರಲಿಲ್ಲ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಪಾತ್ರೆ ಬೆಳಗಲು ಬೂದಿ, ತಲೆ ತೊಳೆಯಲು ಸೀಗೆಪುಡಿ ಬಳಸುತ್ತಿದ್ದವರ ಬಳಿ ಕೆರೆಯನ್ನು ಕೊಲ್ಲುವ ಸಾಮಗ್ರಿಯೇ ಇರಲಿಲ್ಲ ಎನ್ನಬಹುದು. ನಮ್ಮ ಬಳಿ ಅದು ಡಬ್ಬಗಟ್ಟಲೆ ಇದೆ.

ನಗರಗಳಲ್ಲಿ ಎರಡು ಬಗೆಯ ಚರಂಡಿಗಳಿರುತ್ತವೆ. ಇದನ್ನು ಎಂಟನೆಯ ತರಗತಿಯ ಹುಡುಗನಿಗೆ ಹೇಳುವಂತೆ ಹೇಳುತ್ತೇನೆ, ಬೇಸರಿಸಬೇಡಿ. ಏಕೆಂದರೆ ಎಂಜಿನಿಯರಿಂಗ್ ಪದವೀಧರರೇ ನನ್ನೆದುರು ಇವೆರಡನ್ನೂ ಒಂದೇ ಎಂದು ವಾದಿಸಿದ್ದಾರೆ. ನೆಲದಡಿಯಲ್ಲಿ ಮುಚ್ಚಿದ ಕೊಳವೆಯಾಗಿ ಹೋಗುವುದು ಒಳಚರಂಡಿ. ಅದು ಶೌಚಾಲಯ, ಬಚ್ಚಲು, ಅಡುಗೆಮನೆಗಳ ನೀರನ್ನು ಶುದ್ಧೀಕರಣ ಘಟಕಕ್ಕೆ ಒಯ್ಯುತ್ತದೆ. ರಸ್ತೆಯ ಅಂಚಿನಲ್ಲಿ, ಕಲ್ಲುಚಪ್ಪಡಿಯ ಕೆಳಗೋ ತೆರೆದಂತೆಯೋ ಇರುವುದು ಮಳೆನೀರು ಚರಂಡಿ. ಅದರ ಕೊನೆಯಲ್ಲಿ ಯಾವ ಘಟಕವೂ ಇಲ್ಲ. ನಿಮ್ಮ ಗೇಟಿನ ಮುಂದಿನ ಸಣ್ಣ ಚರಂಡಿ ದೊಡ್ಡ ಚರಂಡಿಗೆ, ಅದು ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ. ನಡುವೆ ಒಂದು ಜರಡಿಯೂ ಇಲ್ಲವೆಂದೇ ತಿಳಿಯಿರಿ. ಇವೆರಡನ್ನು ಬೇರೆ ಮಾಡಿದ್ದಕ್ಕೆ ಕಾರಣವಿದೆ. ಮುಂಗಾರಿನ ಒಂದು ಜೋರು ಮಳೆ ಒಂದು ಗಂಟೆಯಲ್ಲಿ ಸುರಿಸುವ ನೀರನ್ನು ಹೊರಲು ಒಳಚರಂಡಿಯ ಕೊಳವೆಗೆ ಸಾಧ್ಯವಿಲ್ಲ. ತಾರಸಿಯ ನೀರನ್ನು ಒಳಚರಂಡಿಗೆ ಸೇರಿಸಿದರೆ ತಗ್ಗಿನ ಬೀದಿಯ ಮ್ಯಾನ್‌ಹೋಲು ಉಕ್ಕಿ, ಅಲ್ಲಿಯವರ ಬಚ್ಚಲಿನಿಂದ ಕೊಳಚೆ ಹಿಮ್ಮುಖವಾಗಿ ಏಳುತ್ತದೆ. ಬಚ್ಚಲ ನೀರನ್ನು ಮಳೆಚರಂಡಿಗೆ ಸೇರಿಸಿದರೆ ಕೆರೆ ಸಾಯುತ್ತದೆ. ನಮ್ಮ ಗಾರೆ ಕೆಲಸದವರು, ನಲ್ಲಿ ಕೆಲಸದವರು ಇವೆರಡು ತಪ್ಪುಗಳನ್ನೂ ಒಂದೇ ಮನೆಯಲ್ಲಿ ಮಾಡಿರುವುದುಂಟು. ಯಜಮಾನ ಕೇಳುವುದಿಲ್ಲ, ಅವರು ಹೇಳುವುದಿಲ್ಲ.

ಬೆಂಗಳೂರಿನ ವಿಷಯದಲ್ಲಿ ಇದಕ್ಕೆ ಇನ್ನಷ್ಟು ಮಹತ್ವವಿದೆ. ನಕ್ಷೆಯನ್ನು ನೆನಪಿಸಿಕೊಳ್ಳಿ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿ, ದಿಣ್ಣೆಯೊಂದರ ಮೇಲೆ ಕುಳಿತ ಊರು ಅದು. ವರ್ಷವಿಡೀ ಹರಿಯುವ ದೊಡ್ಡ ನದಿ ಹತ್ತಿರದಲ್ಲಿಲ್ಲ. ಆದ್ದರಿಂದಲೇ ಕೆರೆಗಳ ಸಾಲುಗಳನ್ನು ಕಟ್ಟಿದರು. ನೀರು ಇಳಿದು ಹೋಗುವ ಮುಖ್ಯ ಕಣಿವೆಗಳು ಮೂರು: ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ. ಮೊದಲಿನ ಎರಡು ಪೂರ್ವಕ್ಕೆ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತವೆ. ಮೂರನೆಯದು ಪಶ್ಚಿಮಕ್ಕೆ ಇಳಿದು ಅರ್ಕಾವತಿಯನ್ನೂ, ಅರ್ಕಾವತಿಯ ಮೂಲಕ ಸಂಗಮದಲ್ಲಿ ಕಾವೇರಿಯನ್ನೂ ಸೇರುತ್ತದೆ. ರಾಜಕಾಲುವೆಗಳ ಒಟ್ಟು ಉದ್ದ ೮೦೦ ಕಿಲೋಮೀಟರಿಗೂ ಹೆಚ್ಚು.

ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿರುವಲ್ಲಿ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಿತ್ತು. ಅಲ್ಲಿಂದ ಹೊರಟ ಕಾಲುವೆ ಶಾಂತಿನಗರ, ಕೋರಮಂಗಲಗಳನ್ನು ಹಾದು ಬೆಳ್ಳಂದೂರು ಕೆರೆಗೆ ಹೋಗುತ್ತದೆ. ಬೆಳ್ಳಂದೂರಿನ ಕೋಡಿ ವರ್ತೂರಿಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ. ಆ ನದಿ ಗಡಿ ದಾಟಿ ತಮಿಳುನಾಡಿನ ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯವನ್ನು ಸೇರುತ್ತದೆ. ಅಲ್ಲಿಯೂ ಬಿಳಿ ನೊರೆ ರಾಶಿರಾಶಿಯಾಗಿ ಎದ್ದು, ರೈತರು ಗೋಳಾಡಿದ ಚಿತ್ರಗಳನ್ನು ನೀವು ದೂರದರ್ಶನದಲ್ಲಿ ನೋಡಿರುತ್ತೀರಿ. ಕೋರಮಂಗಲದ ಯಾವುದೋ ತಾರಸಿಯ ವಾಷಿಂಗ್ ಮಷೀನಿಗೂ ಕೃಷ್ಣಗಿರಿ ಜಿಲ್ಲೆಯ ಆ ಹೊಲಕ್ಕೂ ನಡುವೆ ಇರುವುದು ಇಳಿಜಾರು ಮಾತ್ರ.

ಬೆಳ್ಳಂದೂರಿನ ಹೆಸರು ಬಂದಾಗ ಸ್ವಲ್ಪ ನಿಲ್ಲಬೇಕು. ಕೆರೆಗೆ ಬೆಂಕಿ ಬೀಳುವುದೆಂದರೆ ನಮ್ಮ ಅಜ್ಜಿಯರು ಅದನ್ನು ಶಾಪವೆನ್ನುತ್ತಿದ್ದರೇನೋ. ೨೦೧೫ರ ಮೇ ತಿಂಗಳಿನಲ್ಲಿ ಅಲ್ಲಿಯ ನೊರೆಗೆ ಬೆಂಕಿ ಹತ್ತಿತು. ೨೦೧೭ರ ಫೆಬ್ರವರಿಯಲ್ಲಿ ಮತ್ತೆ ಹೊಗೆ ಎದ್ದಿತು. ೨೦೧೮ರ ಜನವರಿಯಲ್ಲಿ ಬೆಂಕಿಯನ್ನು ಆರಿಸಲು ಸೈನಿಕರೇ ಬರಬೇಕಾಯಿತು. ದಡದ ಒಣಹುಲ್ಲಿಗೆ ಯಾರೋ ಕಿಡಿ ಹಚ್ಚಿದರೆಂದರು ಕೆಲವರು. ಕೊಳೆತ ತಳದಿಂದ ಏಳುವ ಮೀಥೇನ್ ಅನಿಲವೆಂದರು ಇನ್ನು ಕೆಲವರು. ನೊರೆಯ ಬಗೆಗಾದರೂ ವಿವಾದವಿಲ್ಲ. ಬಟ್ಟೆ, ಪಾತ್ರೆ ತೊಳೆಯುವ ಪುಡಿ-ದ್ರವಗಳಲ್ಲಿನ ನೊರೆಕಾರಕ ವಸ್ತುಗಳು ಕೆರೆಯಲ್ಲಿ ಪೂರ್ತಿ ಕರಗಿ ಹೋಗದೆ ಉಳಿದು, ಕೋಡಿಯಿಂದ ನೀರು ಧುಮುಕುವಾಗ ಗಾಳಿಯೊಡನೆ ಬೆರೆತು ಗುಡ್ಡಗಳಾಗುತ್ತವೆ. ಕೊಳಚೆಯೊಡನೆ ಬರುವ ರಂಜಕ, ಸಾರಜನಕಗಳು ಅಂತರಗಂಗೆಯಂತಹ ಜಲಕಳೆಗೆ ಒಳ್ಳೆಯ ಗೊಬ್ಬರ. ಕಳೆ ನೀರಿನ ಮೇಲೆ ಹಾಸಿಕೊಂಡು, ಸತ್ತು, ಕೊಳೆಯುತ್ತಾ ನೀರಿನಲ್ಲಿರುವ ಆಮ್ಲಜನಕವನ್ನು ಕುಡಿದುಬಿಡುತ್ತದೆ. ಮೀನು ಬದುಕುವುದೆಲ್ಲಿ?

ಈ ಪ್ರಕರಣ ನಡೆದಾಗ ನಮ್ಮ ಮಧ್ಯಮವರ್ಗದವರೆಲ್ಲ ಒಕ್ಕೊರಲಿನಿಂದ ‘ಕಾರ್ಖಾನೆಗಳೇ ಕಾರಣ’ ಎಂದರು. ಕಾರ್ಖಾನೆಗಳ ಪಾಲು ಇಲ್ಲವೆನ್ನಲಾರೆ. ವೃಷಭಾವತಿಯ ಬೈರಮಂಗಲ ಕೆರೆಯ ನೀರಿನಲ್ಲಿ ಭಾರಲೋಹಗಳು ಕಂಡುಬಂದಿರುವುದು ಬಚ್ಚಲಿನಿಂದಲ್ಲ. ಆದರೆ ಬೆಳ್ಳಂದೂರಿಗೆ ಹರಿದ ಹೊಲಸಿನಲ್ಲಿ ಬಹುಪಾಲು ಮನೆಗಳದ್ದೇ ಎಂಬುದು ಆಗಲೇ ತಿಳಿದಿತ್ತು. ಯಾರೂ ಅದನ್ನು ಗಟ್ಟಿಯಾಗಿ ಹೇಳಲಿಲ್ಲ. ಕಾರ್ಖಾನೆಗೆ ಮುಖವಿಲ್ಲ, ಆದ್ದರಿಂದ ಅದನ್ನು ಬೈಯುವುದು ಸುಲಭ. ತನ್ನ ಮನೆಯ ಬಚ್ಚಲನ್ನು ಬೈದುಕೊಳ್ಳುವವರು ಯಾರು?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ತರಗತಿಯಲ್ಲಿ ಸದಾ ಮೊದಲ ಸಾಲಿನಲ್ಲಿ ಕೂರುತ್ತಿದ್ದವನು, ದೂರವಾಣಿಯಲ್ಲಿ ಈ ಮಾತು ಬಂದಾಗ, “ಮೇಷ್ಟ್ರೇ, ನಾವು ತೆರಿಗೆ ಕಟ್ಟುತ್ತೇವೆ. ಚರಂಡಿ ನೋಡಿಕೊಳ್ಳುವುದು ಅವರ ಕೆಲಸ” ಎಂದ. “ಅಪ್ಪಾ, ತೆರಿಗೆ ಕಟ್ಟುವುದು ಚರಂಡಿಯನ್ನು ನೋಡಿಕೊಳ್ಳಲು ಹೌದು, ಅದರಲ್ಲಿ ಸುರಿಯಲು ಅನುಮತಿ ಪಡೆಯುವ ಶುಲ್ಕವೇನು ಅದು?” ಎಂದು ಕೇಳಿದೆ. ಸುಮ್ಮನಾದ. ಅವನಿಗೆ ಆಗ ಹೇಳದೆ ಉಳಿದ ಇನ್ನೊಂದು ಮಾತನ್ನು ಈಗ ಹೇಳುತ್ತೇನೆ. ೨೦೧೮ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೇ ಬೆಳ್ಳಂದೂರಿನ ವಿಷಯದಲ್ಲಿ ರಾಜ್ಯ ಸರ್ಕಾರಕ್ಕೆ ೫೦ ಕೋಟಿ ರೂಪಾಯಿ ದಂಡ ವಿಧಿಸಿತು. ಸರ್ಕಾರದ ದುಡ್ಡೆಂದರೆ ಯಾರ ದುಡ್ಡು? ಅವನು ಹೆಮ್ಮೆಯಿಂದ ಹೇಳಿಕೊಳ್ಳುವ ಆ ತೆರಿಗೆಯ ದುಡ್ಡೇ.

ಸರ್ಕಾರವನ್ನು ನಾನು ಬಿಡುಗಡೆ ಮಾಡುತ್ತಿಲ್ಲ. ೧೯೬೪ರಲ್ಲಿ ಸ್ಥಾಪನೆಯಾದ ಜಲಮಂಡಳಿಯ ಪಾಲಿಗೆ ಒಳಚರಂಡಿ, ಪಾಲಿಕೆಯ ಪಾಲಿಗೆ ಮಳೆಚರಂಡಿ; ಒಂದರ ನೀರು ಇನ್ನೊಂದಕ್ಕೆ ನುಗ್ಗಿದಾಗ ಇಬ್ಬರೂ ಪರಸ್ಪರ ಬೆರಳು ತೋರಿಸುತ್ತಾ ಬಂದರು. ೨೦೨೫ರಲ್ಲಿ ಆ ಒಂದು ಪಾಲಿಕೆ ಹೋಗಿ ಐದು ಪಾಲಿಕೆಗಳೂ ಅವುಗಳ ಮೇಲೊಂದು ಪ್ರಾಧಿಕಾರವೂ ಬಂದಿವೆ. ತೋರಿಸುವ ಬೆರಳುಗಳು ಹೆಚ್ಚಾಗದಿದ್ದರೆ ಸಾಕು. ೨೦೦೭ರಲ್ಲಿ ೧೧೦ ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿಕೊಂಡರಲ್ಲ, ಅಲ್ಲಿ ಮೊದಲು ಬಡಾವಣೆ, ಆಮೇಲೆ ರಸ್ತೆ, ಎಷ್ಟೋ ವರ್ಷಗಳ ನಂತರ ಒಳಚರಂಡಿ ಎಂಬ ತಲೆಕೆಳಗಾದ ಕ್ರಮ ನಡೆಯಿತು. ೨೦೨೪ರ ಅಕ್ಟೋಬರಿನಲ್ಲಿ ಆ ಹಳ್ಳಿಗಳಿಗಾಗಿ ದಿನಕ್ಕೆ ೭೭೫ ದಶಲಕ್ಷ ಲೀಟರಿನ ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು. ಎಂಜಿನಿಯರುಗಳ ಸಾಮಾನ್ಯ ಲೆಕ್ಕದಂತೆ ಮನೆಗೆ ಬಂದ ನೀರಿನಲ್ಲಿ ಶೇಕಡಾ ೮೦ರಷ್ಟು ಕೊಳಚೆಯಾಗಿ ಹೊರಹೋಗುತ್ತದೆ. ಅಂದರೆ ೭೭೫ ಬಂದರೆ ೬೨೦ ಹೋಗಲೇಬೇಕು. ಹೋಗುವ ದಾರಿಯನ್ನು ಯೋಚಿಸದೆ ಬರುವ ನೀರಿಗೆ ಬಾಗಿನ ಅರ್ಪಿಸಿದರೆ ಆ ೬೨೦ ತನ್ನ ದಾರಿಯನ್ನು ರಾಜಕಾಲುವೆಯಲ್ಲಿ ತಾನೇ ಹುಡುಕಿಕೊಳ್ಳುತ್ತದೆ. ಇದು ಆಳುವವರ ಅಪರಾಧ. ಇದಕ್ಕಾಗಿ ಅವರನ್ನು ಪ್ರಶ್ನಿಸಿ, ಮಾಹಿತಿ ಹಕ್ಕಿನ ಅರ್ಜಿ ಹಾಕಿ, ನಾನೂ ಸಹಿ ಹಾಕುತ್ತೇನೆ.

ಆದರೆ ಜಯನಗರದಲ್ಲಿ, ಮಲ್ಲೇಶ್ವರದಲ್ಲಿ ಒಳಚರಂಡಿ ಇಲ್ಲವೆ? ಅಲ್ಲಿಯ ಮಳೆಚರಂಡಿಯ ಚಪ್ಪಡಿಯನ್ನು ಎತ್ತಿ ನೋಡಿ. ಮಳೆಯಿಲ್ಲದ ಮಾರ್ಚ್ ತಿಂಗಳಿನಲ್ಲಿಯೂ ಅದರಲ್ಲಿ ನೀರು ಹರಿಯುತ್ತಿದ್ದರೆ ಅದು ಎಲ್ಲಿಂದ ಬಂದದ್ದು? ಮೊದಲ ಅಪರಾಧಿ ತಾರಸಿಯ ಮೇಲಿನ ವಾಷಿಂಗ್ ಮಷೀನು. ಮನೆ ಕಟ್ಟಿದಾಗ ಅದು ಇರಲಿಲ್ಲ, ಆಮೇಲೆ ಬಂದಿತು. ಹತ್ತಿರದಲ್ಲಿ ಕಂಡ ಕೊಳವೆ ಮಳೆನೀರು ಇಳಿಯುವ ಕೊಳವೆ. ಅದರ ಬಾಯಿಗೆ ಮಷೀನಿನ ರಬ್ಬರು ಪೈಪನ್ನು ತುರುಕಿ ಕೈ ತೊಳೆದುಕೊಂಡರು. ಎರಡನೆಯವರು ಬೆಳಗಿನ ಕಾರು ತೊಳೆಯುವವರು. ಸೋಪಿನ ನೀರು, ಗ್ರೀಸು, ಟೈರಿನ ಮಣ್ಣು ಎಲ್ಲವೂ ಗೇಟಿನಡಿಯಿಂದ ನೇರವಾಗಿ ಚರಂಡಿಗೆ. ರಸ್ತೆಬದಿಯ ವಾಹನ ದುರಸ್ತಿಯವರು ಸುರಿಯುವ ಹಳೆಯ ಎಂಜಿನ್ ಆಯಿಲು ನೀರಿನ ಮೇಲೆ ತೆಳುವಾದ ಪೊರೆಯಾಗಿ ಹರಡಿ ಗಾಳಿ ಬೆರೆಯದಂತೆ ತಡೆಯುತ್ತದೆ. ಹೋಟೆಲುಗಳ ಕರಿದ ಎಣ್ಣೆ ತಣಿದ ಮೇಲೆ ಚರಂಡಿಯ ಗೋಡೆಗೆ ಹೆಪ್ಪುಗಟ್ಟಿ, ಅದಕ್ಕೆ ಕಸ ಅಂಟಿ ದಾರಿಯೇ ಮುಚ್ಚುತ್ತದೆ.

ಮನೆ ಕಟ್ಟುವವರದ್ದು ಬೇರೆಯದೇ ಕಥೆ. ರಸ್ತೆಯ ಅರ್ಧಕ್ಕೆ ಮರಳು, ಜಲ್ಲಿ ರಾಶಿ. ಮೊದಲ ಮಳೆಗೆ ಅರ್ಧ ಮರಳು ಚರಂಡಿಯೊಳಗೆ. ಸಿಮೆಂಟು ಕಲಸಿದ ಬಾಂಡಲಿ ತೊಳೆದ ನೀರೂ ಅಲ್ಲಿಗೇ. ಅದು ಮಣ್ಣಿನಂತೆ ಕೊಚ್ಚಿ ಹೋಗುವುದಿಲ್ಲ, ತಳದಲ್ಲಿ ಗಟ್ಟಿಯಾಗಿ ಕಲ್ಲಾಗುತ್ತದೆ. ಬಣ್ಣ ಬಳಿಯುವವರು ಬ್ರಷ್ಷು ತೊಳೆದ ಟರ್ಪೆಂಟೈನ್ ಎಲ್ಲಿಗೆ ಹೋಯಿತೆಂದು ಗೃಹಪ್ರವೇಶದ ಸಡಗರದಲ್ಲಿ ಯಾರಾದರೂ ಕೇಳಿದ್ದುಂಟೆ? ಇನ್ನು ಹಳೆಯ ಮನೆ ಕೆಡವಿದ ಇಟ್ಟಿಗೆ, ಗಾರೆಗಳನ್ನು ರಾತ್ರಿ ಹೊತ್ತು ಟ್ರ್ಯಾಕ್ಟರಿನಲ್ಲಿ ತಂದು ರಾಜಕಾಲುವೆಯ ಅಂಚಿಗೆ ಸುರಿದು ಹೋಗುವ ಗುತ್ತಿಗೆದಾರನನ್ನು ಗೊತ್ತುಮಾಡಿದವರು ಯಾರು? ‘ಕಸ ಸಾಗಿಸುವುದಕ್ಕೆ ಇಷ್ಟು’ ಎಂದು ಅವನಿಗೆ ದುಡ್ಡು ಕೊಟ್ಟು, ಎಲ್ಲಿಗೆ ಸಾಗಿಸುತ್ತಾನೆಂದು ಕೇಳದವರೇ.

ಕಸ ಗುಡಿಸಿ ಚರಂಡಿಯ ಕಿಂಡಿಗೆ ನೂಕುವ ಅಭ್ಯಾಸವನ್ನಂತೂ ನಿಷ್ಠಾವಂತ ಗೃಹಿಣಿಯರಲ್ಲಿಯೂ ನಿವೃತ್ತ ಅಧಿಕಾರಿಗಳಲ್ಲಿಯೂ ಸಮಾನವಾಗಿ ಕಂಡಿದ್ದೇನೆ. ಅಂಗಳ ಸ್ವಚ್ಛವಾಯಿತು, ರಂಗೋಲಿ ಬಿತ್ತು, ಸಾಕು. ರಾಜ್ಯದಲ್ಲಿ ೨೦೧೬ರಲ್ಲಿಯೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ್ದಾರೆ. ಅವು ಅಂಗಡಿಗಳಲ್ಲಿಯೂ ಚರಂಡಿಗಳಲ್ಲಿಯೂ ನಿಷೇಧದ ಸುದ್ದಿಯೇ ತಿಳಿಯದಂತೆ ಓಡಾಡಿಕೊಂಡಿವೆ. ೨೦೨೨ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿ, ಸಾಫ್ಟ್‌ವೇರ್ ಎಂಜಿನಿಯರುಗಳು ಟ್ರ್ಯಾಕ್ಟರು ಏರಿ ಕಚೇರಿಗೆ ಹೋದದ್ದನ್ನು ನೀವೆಲ್ಲ ನೋಡಿದ್ದೀರಿ, ಕೆಲವರು ಏರಿಯೂ ಇದ್ದೀರಿ. ಅದಕ್ಕೆ ಮುಖ್ಯ ಕಾರಣ ಕೆರೆ-ಕಾಲುವೆಗಳ ಒತ್ತುವರಿ ಎಂಬುದನ್ನು ಒಪ್ಪುತ್ತೇನೆ. ಆದರೆ ಒತ್ತುವರಿಯಿಂದ ಹತ್ತು ಅಡಿಗೆ ಕಿರಿದಾದ ಕಾಲುವೆಯನ್ನು ಮರಳು, ಇಟ್ಟಿಗೆಚೂರು, ಪ್ಲಾಸ್ಟಿಕ್ಕುಗಳಿಂದ ಐದು ಅಡಿಗೆ ಇಳಿಸಿದರೆ ಆ ಐದು ಅಡಿಯ ಲೆಕ್ಕವನ್ನು ಯಾರ ಹೆಸರಿನಲ್ಲಿ ಬರೆಯುವುದು?

ಚರಂಡಿಯ ಹೂಳು ತಾನಾಗಿ ಮೇಲೆ ಬರುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಮನುಷ್ಯರನ್ನು ಮಲಗುಂಡಿಗೂ ಒಳಚರಂಡಿಗೂ ರಕ್ಷಣೆಯಿಲ್ಲದೆ ಇಳಿಸುವುದನ್ನು ೨೦೧೩ರ ಕಾಯಿದೆ ನಿಷೇಧಿಸಿದೆ. ಆದರೆ ಮಳೆಚರಂಡಿಗೆ ಇಳಿಯುವವರ ಮಾತು ಬಂದಾಗ ‘ಅದು ಮಳೆನೀರಿನದ್ದಲ್ಲವೆ’ ಎಂದು ಜಾರಿಕೊಳ್ಳುತ್ತಾರೆ. ಅದರಲ್ಲಿ ಹರಿಯುತ್ತಿರುವುದು ಶೌಚದ ನೀರೆಂದು ನಮಗೂ ಗೊತ್ತು, ಇಳಿಸುವ ಗುತ್ತಿಗೆದಾರನಿಗೂ ಗೊತ್ತು, ಬರಿಗೈಯಲ್ಲಿ ಕಸ ಎತ್ತುವ ಆ ಕಾರ್ಮಿಕನಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅವನು ಯಾವ ಕೇರಿಯಿಂದ ಬಂದವನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ನೀರುಗಂಟಿಯ ಮಾತನ್ನು ಮೇಲೆ ಎತ್ತಿದ್ದು ಇದಕ್ಕಾಗಿಯೇ. ನನ್ನ ಬಾಲ್ಯದಿಂದ ಇಂದಿನವರೆಗೆ ನಮ್ಮ ನೀರಿನ ದಾರಿಯನ್ನು ಕಾಯುವ ಕೈಗಳು ಬದಲಾಗಿಲ್ಲ. ಆ ಕೈಗಳಿಗೆ ನಾವು ಒದಗಿಸುವ ಹೊಲಸು ಮಾತ್ರ ಹೆಚ್ಚಾಗಿದೆ.

ಅಪಾರ್ಟ್‌ಮೆಂಟಿನವರು ‘ನಮ್ಮಲ್ಲಿ ಸ್ವಂತ ಶುದ್ಧೀಕರಣ ಘಟಕವಿದೆ’ ಎಂದು ನಿರಾಳವಾಗಿರುವುದುಂಟು. ನನ್ನ ತಂಗಿಯ ಮಗಳು ಇಂತಹದೇ ಒಂದು ಸಮುಚ್ಚಯದಲ್ಲಿದ್ದಾಳೆ. ಅಲ್ಲಿಯ ಸಂಘದ ಸಭೆಯಲ್ಲಿ ವಿದ್ಯುತ್ ಬಿಲ್ಲಿನ ಚರ್ಚೆ ಬಂದು, ಘಟಕದ ಗಾಳಿಯಂತ್ರವನ್ನು ರಾತ್ರಿ ಹೊತ್ತು ನಿಲ್ಲಿಸುವುದೆಂದು ತೀರ್ಮಾನವಾಯಿತಂತೆ. ಘಟಕದಲ್ಲಿ ಹೊಲಸನ್ನು ತಿಂದು ಕರಗಿಸುವುದು ಯಂತ್ರವಲ್ಲ, ಬ್ಯಾಕ್ಟೀರಿಯಾಗಳು. ಅವಕ್ಕೆ ನಮ್ಮಂತೆಯೇ ಉಸಿರು ಬೇಕು. ಗಂಟೆಗಟ್ಟಲೆ ಗಾಳಿ ನಿಲ್ಲಿಸಿದರೆ ಅವು ಸಾಯುತ್ತವೆ, ಮತ್ತೆ ಬೆಳೆಯಲು ದಿನಗಳು ಬೇಕು. ಅಷ್ಟರಲ್ಲಿ ಒಳಬಂದ ನೀರು ಬಂದ ಹಾಗೆಯೇ ಹೊರಹೋಗುತ್ತದೆ. ಇವಳು ಎದ್ದು ನಿಂತು ಇದನ್ನು ಹೇಳಿದಳು. ‘ಮೇಡಂ, ಎಲ್ಲ ಕಡೆಯೂ ಹೀಗೆಯೇ’ ಎಂಬ ಉತ್ತರ ಬಂದಿತು. ಮತಕ್ಕೆ ಹಾಕಿದಾಗ ಇವಳ ಪರ ಕೈ ಎತ್ತಿದವರು ಮೂವರು. “ಮಾವ, ಅಲ್ಲಿದ್ದವರೆಲ್ಲ ಓದಿದವರೇ” ಎಂದು ಅವಳು ನನಗೆ ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿಗಿಂತ ಸಂಕೋಚವೇ ಹೆಚ್ಚಾಗಿತ್ತು. ಮರು ತಿಂಗಳು ಅವಳು ಅದೇ ವಿಷಯವನ್ನು ಮತ್ತೆ ಕಾರ್ಯಸೂಚಿಗೆ ಸೇರಿಸಿದ್ದಾಳೆಂದು ತಿಳಿದು ನನಗೆ ಸಂತೋಷವಾಯಿತು. ಇಂತಹ ಸಭೆಗಳಲ್ಲಿ ನಿಮ್ಮಲ್ಲಿ ಎಷ್ಟು ಮಂದಿ ಕೂರುತ್ತೀರಿ, ಯಾವ ಕಡೆಗೆ ಕೈ ಎತ್ತುತ್ತೀರಿ ಎಂಬುದನ್ನು ತಿಳಿಯುವ ಕುತೂಹಲ ನನಗಿದೆ.

ಪೌರನೀತಿಯ ಪಾಠದಲ್ಲಿ ಸಂವಿಧಾನದ ೫೧ಎ ವಿಧಿಯನ್ನು ನಿಮಗೆ ಬಾಯಿಪಾಠ ಮಾಡಿಸಿದ್ದೆ. ೧೯೭೬ರ ೪೨ನೆಯ ತಿದ್ದುಪಡಿಯಿಂದ ಬಂದ ಮೂಲಭೂತ ಕರ್ತವ್ಯಗಳು. ಅದರಲ್ಲಿ ಕಾಡು, ಸರೋವರ, ನದಿಗಳನ್ನು ಕಾಪಾಡುವುದೂ ಒಂದು. ಎರಡು ಅಂಕಗಳ ಪ್ರಶ್ನೆ. ನೀವೆಲ್ಲರೂ ಸರಿಯಾಗಿಯೇ ಬರೆದಿರಿ. ಅದಕ್ಕೂ ಎರಡು ವರ್ಷ ಮೊದಲೇ, ೧೯೭೪ರಲ್ಲಿ, ಜಲಮಾಲಿನ್ಯ ತಡೆ ಕಾಯಿದೆ ಬಂದಿತ್ತು. ಹರಿವ ನೀರಿಗೆ ತಿಳಿದೂ ತಿಳಿದೂ ಹೊಲಸು ಬಿಡುವುದು ಅದರ ಪ್ರಕಾರ ಅಪರಾಧ. ‘ಕಾನೂನು ಬೇಕು, ಕಾನೂನು ಬೇಕು’ ಎನ್ನುವವರಿಗೆ ಇದನ್ನು ಜ್ಞಾಪಿಸುತ್ತಿದ್ದೇನೆ. ಕಾಲುವೆಯ ಎರಡೂ ಬದಿಗೆ ಕಾಂಕ್ರೀಟಿನ ಗೋಡೆ ಎಬ್ಬಿಸಿ, ಮೇಲೆ ತಂತಿಬಲೆ ಕಟ್ಟಿ, ಗೋಡೆಗೆ ಹಕ್ಕಿಗಳ ಚಿತ್ರ ಬರೆಸಿದರೆ ನನಗೆ ತೃಪ್ತಿಯಾಗದು. ಒಳಗೆ ಹರಿಯುವುದು ಬದಲಾಗದೆ ಗೋಡೆಯನ್ನು ಸಿಂಗರಿಸುವುದು, ಸ್ನಾನ ಮಾಡದೆ ಗಂಧ ಪೂಸಿಕೊಂಡಂತೆ. ಮೆಜೆಸ್ಟಿಕ್ಕಿನಿಂದ ಬೆಳ್ಳಂದೂರಿಗೆ ಹೋಗುವ ಕೆ-೧೦೦ ಎಂಬ ಅದೇ ರಾಜಕಾಲುವೆಯನ್ನು ಈಚಿನ ವರ್ಷಗಳಲ್ಲಿ ಸುಧಾರಿಸಲು ಹೊರಟಾಗಲೂ, ಅದಕ್ಕೆ ಸೇರುವ ಕೊಳಚೆಯನ್ನು ಬೇರೆಡೆಗೆ ತಿರುಗಿಸುವುದೇ ಮುಖ್ಯ ಕೆಲಸವಾಯಿತು.

ಇನ್ನು ನಿಮಗೆ ಮನೆಗೆಲಸ ಕೊಡುತ್ತೇನೆ. ನಿವೃತ್ತನಾದ ಮಾತ್ರಕ್ಕೆ ಆ ಅಧಿಕಾರ ಹೋಗಿಲ್ಲವಷ್ಟೆ! ಬರುವ ಭಾನುವಾರ, ಮಳೆಯಿಲ್ಲದ ಹೊತ್ತಿನಲ್ಲಿ, ಒಂದು ಬಕೆಟ್ ನೀರಿಗೆ ಎರಡು ಹಿಡಿ ಅರಿಶಿನ ಕದಡಿ. ಮೊದಲು ವಾಷಿಂಗ್ ಮಷೀನಿನ ನೀರು ಹೋಗುವ ಕಡೆ ಸುರಿಯಿರಿ. ಮನೆಯವರೊಬ್ಬರು ಗೇಟಿನ ಮುಂದಿನ ಮಳೆಚರಂಡಿಯ ಬಳಿ ನಿಂತು ನೋಡಲಿ. ಹಳದಿ ಅಲ್ಲಿ ಕಂಡರೆ ನಲ್ಲಿ ಕೆಲಸದವರನ್ನು ಕರೆಸಿ, ಆ ಕೊಳವೆಯನ್ನು ಒಳಚರಂಡಿಯ ಚೇಂಬರಿಗೆ ತಿರುಗಿಸಿ. ಹೆಚ್ಚೆಂದರೆ ಒಂದು ದಿನದ ಕೆಲಸ. ಬಳಿಕ ಅಡುಗೆಮನೆಯ ತೊಟ್ಟಿ, ಬಚ್ಚಲು, ಹಿತ್ತಿಲಿನ ಪಾತ್ರೆ ತೊಳೆಯುವ ಕಲ್ಲು, ಒಂದೊಂದಾಗಿ. ತಾರಸಿಯ ಮಳೆನೀರು ಒಳಚರಂಡಿಗೆ ಸೇರುತ್ತಿದ್ದರೆ ಅದನ್ನೂ ಬಿಡಿಸಿ ಸಂಪಿಗೋ ಇಂಗುಗುಂಡಿಗೋ ಬಿಡಿ. ಮಕ್ಕಳನ್ನು ಜೊತೆಗೆ ಸೇರಿಸಿಕೊಳ್ಳಿ, ಅವರಿಗೆ ಇದು ಬಹಳ ಇಷ್ಟವಾಗುತ್ತದೆ.

ಯಾರ ಮನೆಯ ಅರಿಶಿನ ಎಲ್ಲಿ ಕಾಣಿಸಿತೆಂದು ನನಗೆ ಬರೆದು ತಿಳಿಸಿ. ಅಂಕ ಕೊಡುವುದಿಲ್ಲ, ಆದರೆ ಪತ್ರಗಳನ್ನೆಲ್ಲ ಓದುತ್ತೇನೆ.